ಶೀಟಿನ ಮೇಲಿನ ಕಲ್ಲು

ಫ್ರೆಂಡ್ಸ್, ಇವತ್ತು ನಮ್ಮತ್ತೆ-ಮಾವನ್ನ ಹಿರಿಯೂರಿಗೆ ಕರ್ಕಂಡು ಹೋಗಿ ಸುಂಟರಗಾಳಿ ಬಗ್ಗೆ ಇರೋ ಇಂಗ್ಲಿಷ್ ಪಿಚ್ಚರಿನ ಎರಡನೇ ಭಾಗ ತೋರಿಸಿದೆ. ಅದರಲ್ಲಿ ಜನ ಕಾರು ಹತ್ತಿ ಗಾಳಿಯ ಬೆನ್ನಟ್ಟುತ್ತಾರೆ. ಒಂದು ಮನೆಯ ಚಾವಣಿ ಹಾರಿಹೋಯ್ತು. ಮಾವ ಜೋರಾಗಿ ಅಂದ್ರು: "ಮೇಲೆ ಕಲ್ಲು ಹೇರಿಲ್ಲ ನೋಡು, ಅದಕ್ಕೇ ಹಾರೈತೆ." ಥಿಯೇಟರೆಲ್ಲ ನಕ್ಕಿತು.

ಅತ್ತೆ ನಗಲಿಲ್ಲ. ಹೋದ ವರ್ಷ ಬಬ್ಬೂರಿನ ನಮ್ಮನೆ ಚಾವಣಿಯ ಶೀಟು ಗಾಳಿಗೆ ಹಾರಿದಾಗ, ಮಾವ ಹೇರಿದ್ದ ಕಲ್ಲು ಬಿದ್ದು ಅತ್ತೆಯ ಕಾಲು ಮುರಿದಿತ್ತು. ಇವತ್ತಿಗೂ ಕೋಲು ಹಿಡಿದೇ ನಡೀತಾರೆ.

"ಗಾಳಿ ಶೀಟು ತಗಂಡು ಹೋತು. ನಿಮ್ಮ ಕಲ್ಲು ನಂಗೆ ಬಿಟ್ಟು ಹೋತು," ಅಂದ್ರು ಅತ್ತೆ.

ಸಂಜೆ ಊರಲ್ಲಿ ಗಾಳಿ ಎದ್ದಿತು. ಮಾವ ಏಣಿ ಹಾಕಿ, ಹೊಸ ಶೀಟಿನ ಮೇಲೆ ಇನ್ನೆರಡು ಕಲ್ಲು ಹೇರಿದರು. ಅತ್ತೆ ಕೋಲೂರಿಕೊಂಡು ಶೀಟಿನ ಕೆಳಗಿಂದ ಅಂಗಳಕ್ಕೆ ಬಂದು ಕುಂತರು.

ನಂಗೀಗ ಗಾಳಿಗಿಂತ ಮಾವನದೇ ಭಯ.