ಎರಡೂವರೆ ಕಿಲೋಮೀಟರು

ಗಾಡಿ ಇಟ್ಟುಕೊಂಡವರೆಲ್ಲ ಒಂದೇ ಸಮ ರಸ್ತೆ ತೆರಿಗೆ ಕಟ್ಟುವುದು ಅನ್ಯಾಯ, ಓಡಿಸಿದಷ್ಟು ದೂರಕ್ಕೆ ಕಟ್ಟಲಿ ಎಂದು ಟೀವಿಯಲ್ಲಿ ಯಾರಾದರೂ ಕೋಟು ಹಾಕಿದವರು ಮಾತು ತೆಗೆದರೆ ನನ್ನ ಹೆಂಡತಿ ತಕ್ಷಣ ಚಾನೆಲ್ ಬದಲಾಯಿಸುತ್ತಾಳೆ. ನಾನು ಬಾಯಿಗೆ ಬಂದಂತೆ ಬಯ್ಯಲು ಶುರುಮಾಡುತ್ತೇನೆಂದು ಅವಳಿಗೆ ಗೊತ್ತು. ಆ ಮಾತಿನಲ್ಲಿ ನ್ಯಾಯವಿಲ್ಲ ಎಂದು ನಾನು ಹೇಳುತ್ತಿಲ್ಲ. ಕಮ್ಮಿ ಓಡಿಸಿದವನು ಕಮ್ಮಿ ಕಟ್ಟಲಿ, ಸರಿ ತಾನೇ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಕಿಲೋಮೀಟರು ಅನ್ನುವುದು ತಲೆಯೊಳಗೆ ಹೊಕ್ಕರೆ ಮನುಷ್ಯ ಏನಾಗುತ್ತಾನೆ ಅನ್ನುವುದು ಆಗ ಗೊತ್ತಿರಲಿಲ್ಲ.

ಪೀಣ್ಯದಲ್ಲಿ ಹದಿನಾಲ್ಕು ವರ್ಷ ಟೆಂಪೋ ಓಡಿಸಿದ್ದೇನೆ. ಎರಕದ ತುಂಡುಗಳು, ಪಾಲಿಶ್‌ಗೆ ಹೋಗುವ ಪೈಪುಗಳು, ಪ್ರೆಸ್ಸಿನಿಂದ ಬಂದ ತಗಡಿನ ಬಿಲ್ಲೆಗಳು, ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ. ನಮ್ಮ ಸ್ಟ್ಯಾಂಡಿನಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಮುಂದೆ ನಿಂತವನಿಗೆ ಮೊದಲ ಬಾಡಿಗೆ. ಯಾರೂ ಬರೆದಿಡದ ಇನ್ನೊಂದು ಕಟ್ಟಳೆಯೂ ಇತ್ತು. ಯಾವ ಶೆಡ್ಡಿನಲ್ಲಾದರೂ ಕೈಯೋ ಕಾಲೋ ಮೆಷಿನ್ನಿಗೆ ಸಿಕ್ಕರೆ ಸಾಲಿನ ಮುಂದಿನ ಗಾಡಿ ಆಸ್ಪತ್ರೆಗೆ ಓಡಬೇಕು. ಬಾಡಿಗೆ ಕೇಳುವಂತಿಲ್ಲ. ವಾಪಸು ಬಂದಾಗ ಅವನ ಜಾಗ ಅವನಿಗೇ. ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸುಗಳ ಊರಿನಲ್ಲಿ ಇಂಥದ್ದು ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ಯಾರೂ ಗೊಣಗುತ್ತಿರಲಿಲ್ಲ.

ನನ್ನ ಹಳೆಯ ಗಾಡಿ ಗುಜರಿಗೆ ಹೋದ ಮೇಲೆ ಬ್ಯಾಟರಿ ಗಾಡಿಯನ್ನು ಗುತ್ತಿಗೆಗೆ ತೆಗೆದುಕೊಂಡೆ. ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿಸಿ ತಿಂಗಳಿಗೆ ಇಷ್ಟು ಎಂದು ಗಾಡಿ ಕೊಟ್ಟ ಕಂಪನಿಗೆ ಕಟ್ಟಿದರೆ ಮುಗಿಯಿತು. ಒಂದು ದಿನ ಅವರ ಹುಡುಗಿ ಫೋನು ಮಾಡಿ, "ಸಾರ್, ಇನ್ಮೇಲೆ ಓಡಿಸ್ದಷ್ಟಕ್ಕೆ ಮಾತ್ರ ಪೇ ಮಾಡಿ, ನಿಮ್ಗೇ ಲಾಭ" ಅಂದಳು. ಡ್ಯಾಶ್‌ಬೋರ್ಡಿನ ಕೆಳಗೆ ಓಡಿದ ದೂರ ಎಣಿಸುವ ಕರಿ ಡಬ್ಬಿಯೊಂದು ಬಂತು. ಕಿಲೋಮೀಟರಿಗೊಮ್ಮೆ ದುಡ್ಡು ಕಡಿತವಾಗಿ ಫೋನು ಟಿಣ್ ಅನ್ನುತ್ತಿತ್ತು. ಸ್ಟ್ಯಾಂಡಿನಲ್ಲಿ ಅರ್ಧಕ್ಕರ್ಧ ಗಾಡಿಗಳು ಅದೇ ಕಂಪನಿಯವು.

ಆಮೇಲೆ ನಮಗೆ ಹಿಡಿದ ಹುಚ್ಚು ಹೇಳತೀರದು. ಖಾಲಿ ಗಾಡಿ ಒಂದು ಫರ್ಲಾಂಗು ಓಡಿಸಬೇಕೆಂದರೂ ಹೊಟ್ಟೆ ಉರಿಯುತ್ತಿತ್ತು. ಊಟಕ್ಕೆ ಮನೆಗೆ ಹೋಗುವುದು ನಿಂತಿತು. ದೊಡ್ಡ ರಸ್ತೆ ಸುತ್ತು, ಹೀಗಾಗಿ ರಾಜಗೋಪಾಲನಗರದ ಗಲ್ಲಿಗಳೇ ನಮ್ಮ ಹೆದ್ದಾರಿಯಾದವು. ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡರೂ ಪರವಾಗಿಲ್ಲ, ಡಬ್ಬಿ ಹೊತ್ತನ್ನು ಎಣಿಸುವುದಿಲ್ಲವಲ್ಲ! ಯಾವ ಗಲ್ಲಿ ಹೊಕ್ಕರೆ ಎಷ್ಟು ಉಳಿಯುತ್ತದೆಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆವು. ಮೂರ್ನಾಲ್ಕು ತಿಂಗಳಲ್ಲಿ ಹಳೆಯ ಕಟ್ಟಳೆಯೂ ಸಡಿಲವಾಯಿತು. ಶೆಡ್ಡಿನಿಂದ ಯಾರಾದರೂ ಓಡಿ ಬಂದರೆ ಮುಂದಿನವನು, "ಚಾರ್ಜ್ ಇಲ್ಲ ಗುರು, ಹಿಂದಿನವ್ನ ಕೇಳು" ಅನ್ನತೊಡಗಿದ.

ಆ ದಿನ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತು. ಎದುರಿನ ಪ್ರೆಸ್ ಶೆಡ್ಡಿನ ಮೇಸ್ತ್ರಿ ಒಬ್ಬ ಹೆಂಗಸನ್ನು ಹಿಡಿದುಕೊಂಡು ಬಂದ. ಬಾಗಲಕೋಟೆ ಕಡೆಯವಳು, ಮೂವತ್ತರ ಆಸುಪಾಸು, ದಿನಾ ನಮ್ಮ ಸ್ಟ್ಯಾಂಡಿನ ಮುಂದೆಯೇ ಕೆಲಸಕ್ಕೆ ಹೋಗುತ್ತಿದ್ದವಳು. ಬಲಗೈಗೆ ಸುತ್ತಿದ್ದ ಟವೆಲ್ಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಹೆಬ್ಬೆರಳು ಬುಡದಿಂದ ತುಂಡಾಗಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ಐಸಿಟ್ಟ ಟಿಫಿನ್ ಡಬ್ಬಿಯಲ್ಲಿಟ್ಟು ಮೇಸ್ತ್ರಿ ಹಿಡಿದಿದ್ದ. ಆಂಬುಲೆನ್ಸ್ ಬರಲು ಅರ್ಧ ಗಂಟೆಯಂತೆ. ಬೇಗ ಹೋದರೆ ಜೋಡಿಸುತ್ತಾರೆ ಎಂದು ಅವನು ಅಂಗಲಾಚಿದ. ನಾನು ಸಾಲಿನಲ್ಲಿ ಮೂರನೆಯವನು. ಮೊದಲನೆಯವನು ಫೋನು ನೋಡುತ್ತಿದ್ದ. ಎರಡನೆಯವನು ಟೈರು ಒದ್ದು ಗಾಳಿ ಪರೀಕ್ಷೆ ಮಾಡತೊಡಗಿದ.

"ಥೂ ನಿಮ್ಮ ಮುಖಕ್ಕೆ! ಮನುಷ್ಯರೇನ್ರೋ ನೀವು?" ಎಂದು ಇಬ್ಬರಿಗೂ ಕೇಳುವಂತೆ ಬೈದು ಗಾಡಿ ಹೊರಗೆ ತೆಗೆದೆ. ಅವಳು ನನ್ನ ಪಕ್ಕ ಕೂತಳು, ಮೇಸ್ತ್ರಿ ಡಬ್ಬಿ ಹಿಡಿದು ಹಿಂದೆ ಹತ್ತಿದ. ಸುಳ್ಳು ಹೇಳುವುದಿಲ್ಲ, ಆಗ ನನಗೆ ಹೆಮ್ಮೆಯಾಗುತ್ತಿತ್ತು. ಈ ಸ್ಟ್ಯಾಂಡಿನಲ್ಲಿ ಉಳಿದಿರುವ ಮನುಷ್ಯ ನಾನೊಬ್ಬನೇ ಎಂದು ಎದೆ ಉಬ್ಬಿತ್ತು. ಅದೇ ಹುಮ್ಮಸ್ಸಿನಲ್ಲಿ ಮೂಲೆಗೆ ಬಂದೆ. ಬಲಕ್ಕೆ ಹೋದರೆ ದೊಡ್ಡ ರಸ್ತೆ, ಎರಡೂವರೆ ಕಿಲೋಮೀಟರು ಹೆಚ್ಚು ಸುತ್ತು, ಆದರೆ ಆ ಹೊತ್ತಿನಲ್ಲಿ ಖಾಲಿ. ನನ್ನ ಕೈ ಎಡಕ್ಕೆ, ಗಲ್ಲಿಯೊಳಗೆ ತಿರುಗಿಸಿತು.

ಬೇಕೆಂದು ಮಾಡಿದ್ದಲ್ಲ. ಆ ಕ್ಷಣ ನಾನು ಹಣದ ಬಗ್ಗೆ ಯೋಚಿಸಲೂ ಇಲ್ಲ. ದಿನಾ ತಿರುಗಿಸುವ ಕಡೆಗೇ ಕೈ ತಿರುಗಿತು, ಅಷ್ಟೇ. ನಾಲ್ಕು ಗಲ್ಲಿ ದಾಟಿದ ಮೇಲೆ ನೋಡುತ್ತೇನೆ, ಯಾರದೋ ಮನೆಯ ತಿಥಿ ಊಟಕ್ಕೆ ರಸ್ತೆಯ ಅಡ್ಡಕ್ಕೆ ಶಾಮಿಯಾನ. ಹಿಂದೆ ತಿರುಗೋಣವೆಂದರೆ ಅಷ್ಟರಲ್ಲಿ ನೀರಿನ ಟ್ಯಾಂಕರು ಬಂದು ನಿಂತಿತ್ತು, ಅದರ ಬೆನ್ನಿಗೆ ಸ್ಕೂಲ್ ವ್ಯಾನು, ಆಟೋಗಳು. ಮೇಸ್ತ್ರಿ ಇಳಿದು, "ಅಣ್ಣಾ, ತೆಗೀರಣ್ಣಾ, ಬೆರಳು ಹೋಗ್ತೈತೆ" ಎಂದು ಕೂಗಿದ. ಮನೆಯ ಯಜಮಾನರು ಪಾಪ ಓಡಿ ಬಂದರು, "ಏಯ್, ಆ ಟೇಬಲ್ ಎತ್ರೋ, ಇಂಗೆ ತಳ್ರೋ" ಎಂದು ಎಲೆ ಮುಂದೆ ಕೂತವರನ್ನೇ ಎಬ್ಬಿಸಿದರು. ಆದರೂ ಕಂಬ ಕಿತ್ತು ದಾರಿ ಬಿಡಿಸುವ ಹೊತ್ತಿಗೆ ಅರ್ಧ ಗಂಟೆ ಮೀರಿತ್ತು.

ಗಾಡಿ ಮತ್ತೆ ಹೊರಟಾಗಲೂ ಅವಳು ಅಳಲಿಲ್ಲ. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಹಿಡಿದುಕೊಂಡು, "ಜೋಡಸ್ತಾರಲ್ರೀ ಅಣ್ಣಾ? ಹೆಬ್ಬಟ್ಟಿಲ್ದ ಪ್ರೆಸ್ಸಿನ ಕೆಲಸಾ ಕೊಡಂಗಿಲ್ರೀ. ರೊಟ್ಟಿ ಬಡಿಯಾಕೂ ಆಗಂಗಿಲ್ಲ" ಅಂದಳು. "ಜೋಡಿಸ್ತಾರಮ್ಮ, ಗ್ಯಾರಂಟಿ" ಅಂದೆ. ನನ್ನ ಫೋನು ಟಿಣ್ ಅಂದಿತು.

ಆಸ್ಪತ್ರೆಯಲ್ಲಿ ತುಂಡಾದ ಬೆರಳು ಜೋಡಿಸುವ ಡಾಕ್ಟರು ಒಬ್ಬರೇ. ಅವರು ಹತ್ತು ನಿಮಿಷದ ಹಿಂದೆ ಇನ್ನೊಂದು ಆಪರೇಷನ್‌ಗೆ ಒಳಗೆ ಹೋದರಂತೆ. ನರ್ಸು ಗಡಿಯಾರ ನೋಡಿ, "ಸ್ವಲ್ಪ ಮುಂಚೆ ಬಂದಿದ್ರೆ ಇವ್ರನ್ನೇ ಮೊದಲು ತಗೋತಿದ್ರು ಸಾರ್" ಅಂದಳು. ಬೇರೆ ಆಸ್ಪತ್ರೆಗೆ ಫೋನು ಮಾಡಿದರು, ಅಲ್ಲಿಯೂ ಆಗಲಿಲ್ಲ. ಡಾಕ್ಟರು ಹೊರಗೆ ಬರುವಾಗ ಸಂಜೆಯಾಗಿತ್ತು. ಪ್ರಯತ್ನವನ್ನೇನೋ ಮಾಡಿದರು. ಮೂರನೆಯ ದಿನಕ್ಕೆ ಬೆರಳು ಕಪ್ಪಾಯಿತು, ತೆಗೆದುಬಿಟ್ಟರು.

ಸ್ಟ್ಯಾಂಡಿನಲ್ಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಟೈರು ಒದ್ದವನೇ ಬಂದು, "ನಿಂಗಿರೋ ದೊಡ್ಡ ಮನಸ್ಸು ನಮ್ಗಿಲ್ಲ ಮಗಾ" ಎಂದು ಟೀ ಕೊಡಿಸಿದ. ದಾರಿಯ ವಿಷಯ ಯಾರಿಗೂ ಹೊಳೆದಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ರಾತ್ರಿ ನಿದ್ದೆ ಬಾರದೆ ಹೊರಳಾಡಿ ಹೆಂಡತಿಯಿಂದ ಬೈಸಿಕೊಂಡೆ. ಯಾರಾದರೂ ಒಬ್ಬರಿಗೆ ಹೇಳಿಕೊಂಡರೆ ಸಾಕು ಅನ್ನಿಸುತ್ತಿತ್ತು.

ನಾಲ್ಕು ತಿಂಗಳ ಮೇಲೆ ಅವಳೇ ಸ್ಟ್ಯಾಂಡಿಗೆ ಬಂದಳು. ಪ್ರೆಸ್ಸಿನ ಕೆಲಸ ಹೋಗಿತ್ತು, ಬೇರೊಂದು ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದಳು, ಸಂಬಳ ಅರ್ಧಕ್ಕೆ ಇಳಿದಿತ್ತು. ಒಂದು ಗಂಟು ಮುಂದೆ ಹಿಡಿದಳು. "ರೊಟ್ಟಿ, ಶೇಂಗಾ ಚಟ್ನಿ ಅದಾವ್ರಿ. ನಾ ಬಡದಿದ್ದಲ್ಲ, ನಮ್ಮ ತಂಗಿ ಬಡದದ್ದು" ಎಂದು ನಕ್ಕಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಅವಳನ್ನು ಗಾಡಿಯ ಮರೆಗೆ ಕರೆದು ಎಲ್ಲ ಹೇಳಿಬಿಟ್ಟೆ. ದೊಡ್ಡ ರಸ್ತೆ ಖಾಲಿ ಇತ್ತು, ಕಿಲೋಮೀಟರು ಉಳಿಸುವ ಚಾಳಿಯಿಂದ ಗಲ್ಲಿಗೆ ತಿರುಗಿಸಿದೆ, ನನ್ನದೇ ತಪ್ಪು, ಕ್ಷಮಿಸಿಬಿಡಮ್ಮ ಎಂದೆ. ಹೇಳುತ್ತಿದ್ದಂತೆ, ನಾಚಿಕೆಗೇಡು, ನನ್ನ ಎದೆ ಹಗುರವಾಗುತ್ತಿತ್ತು.

"ಎಷ್ಟು ಉಳೀತ್ರಿ?" ಎಂದು ಅವಳು ಕೇಳಿದಳು.

"ಎರಡೂವರೆ ಕಿಲೋಮೀಟರ್."

ಬಯ್ಯಲಿ, ಕಪಾಳಕ್ಕೆ ಬಾರಿಸಲಿ ಎಂದು ಕಾದೆ. ಅವಳು ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು, ಅಷ್ಟೇ. ನನ್ನ ಮುಂದೆ ಆ ಕೈಯನ್ನು ಅವಳು ಮುಚ್ಚಿಕೊಂಡಿದ್ದು ಅದೇ ಮೊದಲು.

"ಈ ಊರಾಗ ಎಲ್ಲಾರೂ ಮಾರಿ ತಿರುವಿದ್ರು, ಒಬ್ಬನಾರ ಛಲೋ ಮನಶಾ ಬಂದಾ ಅಂತ ತಿಳಕೊಂಡಿದ್ದೆ" ಅಂದಳು. "ನಿಮ್ಮ ಹೆಸರು ಗೊತ್ತಿಲ್ಲ. ಆ ಟೆಂಪೋ ಅಣ್ಣಗ ಛಲೋ ಇಡಪಾ ಅಂತ ದಿನಾ ದೇವರ ಮುಂದ ಬೇಡಕೊಂತಿದ್ದೆ. ನಾಳೆ ಏನಂತ ಬೇಡಕೊಳ್ಳಲಿ? ನನಗ್ಯಾಕ ಹೇಳಿದ್ರಿ?"

ರೊಟ್ಟಿಯ ಗಂಟನ್ನು ಸೀಟಿನ ಮೇಲಿಟ್ಟು ಅವಳು ರಸ್ತೆ ದಾಟಿ ಹೋದಳು.