ಮೇಲಿನ ಕೊಂಬೆಯ ಚಾವಿ

ನಿಮ್ಮೂರಲ್ಲಿ ಯಾರಾದರೂ ಕ್ರಾಂತಿ ಮಾಡುವ ಯೋಚನೆಯಲ್ಲಿದ್ದರೆ ನನ್ನದೊಂದು ಸಲಹೆ. ಅದನ್ನು ತಾಳಮದ್ದಳೆಯಲ್ಲಿ ಮಾಡಬೇಡಿ. ನಾನು ಮಾಡಿದೆ. ಒಂದು ಕೋತಿಯ ಎದುರು ಸೋತೆ. ಊರೇ ಚಪ್ಪಾಳೆ ತಟ್ಟಿತು. (ಕೋತಿಗೆ.)

ಶಿರಸಿಯಿಂದ ಹುಲಗೋಳ ದಾಟಿ ಸ್ವಲ್ಪ ಒಳಗೆ ಬಂದರೆ ನಮ್ಮೂರು. ಊರಿಗೊಂದು ವಾಚನಾಲಯ. ವಾಚನಾಲಯಕ್ಕೊಂದು ಬೀಗ. ಬೀಗಕ್ಕೆ ಒಂದೇ ಚಾವಿ. ಅದು ಅಧ್ಯಕ್ಷರಾದ ಶಂಭು ಮಾವನ ಜನಿವಾರದಲ್ಲಿ. ಬೆಳಿಗ್ಗೆ ಮಾವ ಬಂದರೆ ಬಾಗಿಲು ತೆರೆಯುತ್ತದೆ. ಮಾವ ಪೇಪರ್ ಓದಿ ಮುಗಿಸಿದರೆ ಮುಚ್ಚುತ್ತದೆ. ಪದಬಂಧ ಕಷ್ಟವಿದ್ದ ದಿನ ಉಳಿದವರಿಗೆ ಓದಲು ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ.

ಇದರಿಂದ ನಿಜವಾಗಿ ಪೆಟ್ಟು ಬಿದ್ದಿದ್ದು ಸವಿತಕ್ಕನಿಗೆ. ಮನೆಯಲ್ಲಿ ಬಟ್ಟೆ ಹೊಲಿಯುವ ಸವಿತಕ್ಕ, ಊರಿನ ನಾಲ್ಕಾರು ಹುಡುಗಿಯರ ಜೊತೆ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳಿಗೆ ಇದೇ ಕೊನೆಯ ಚಾನ್ಸು, ಆಮೇಲೆ ವಯಸ್ಸು ಮೀರುತ್ತದೆ. ಹುಡುಗಿಯರು ಶಿರಸಿಯಿಂದ ಬಸ್ಸಿಳಿಯುವುದು ಸಂಜೆ. ಆಗ ಪುಸ್ತಕಗಳು ಒಳಗೆ, ಓದುವವರು ಹೊರಗೆ ಜಗಲಿಯ ಮೇಲೆ.

"ಮಾವ, ಇನ್ನೊಂದು ಚಾವಿ ಮಾಡ್ಸಲಾಗ್ದಾ?" ಅಂತ ಸವಿತಕ್ಕ ಕೇಳಿಯೂ ನೋಡಿದಳು.

"ಎರಡು ಚಾವಿ ಇದ್ರೆ ಜವಾಬ್ದಾರಿ ಯಾರಿಗೂ ಇರ್ತಿಲ್ಲೆ ತಂಗೀ. ಒಂದೇ ಇರ್ಲಿ. ಆನಿದ್ನಲೀ!"

ನಾನಿದ್ದೇನಲ್ಲ, ಅಂತ. ತಮಾಷೆ ಏನು ಗೊತ್ತಾ? ಇದೇ ಶಂಭು ಮಾವ ಹರೆಯದಲ್ಲಿ ಆಗಿನ ಅಧ್ಯಕ್ಷರ ಅಂಗಳದಲ್ಲಿ "ಚಾವಿ ಎಲ್ಲರದ್ದು" ಎಂದು ಧರಣಿ ಕೂತವನು. ಗೆದ್ದ ಕೂಡ. ಚಾವಿ ಎಲ್ಲರದ್ದಾಯಿತು. ಎಲ್ಲರ ಪರವಾಗಿ ಮಾವ ಇಟ್ಟುಕೊಂಡ.

(ನಗಬೇಡಿ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪನ ಗುಡ್ ಮಾರ್ನಿಂಗ್ ಹೂವುಗಳ ವಿರುದ್ಧ ಬಂಡೆದ್ದು ಅಡ್ಮಿನ್ ಆದವನು ನಾನು. ಈಗ ಬೆಳಗಾದರೆ ಮೊದಲ ಹೂವು ನನ್ನದೇ.)

ಮಾವನಿಗೆ ಎದುರೆದುರು ಹೇಳುವ ಧೈರ್ಯ ಯಾರಿಗಿತ್ತು? ಹಾಗಾಗಿ ನಾನೊಂದು ಕಥೆ ಕಟ್ಟಿದೆ. ಧೈರ್ಯ ಸಾಲದವರಿಗೆ ಕಥೆಯೇ ಅಲ್ಲವೇ ಗತಿ? ರಾಜನಿಗೆ ಬಾಲ ಅಂಟಿಸಿ ಮರ ಹತ್ತಿಸಿಬಿಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಕೇಸು ಹಾಕುವಂತಿಲ್ಲ.

ಹೆಸರು 'ಕೊಂಬೆ ಕಾಳಗ'. ಒಂದು ಮುದಿ ಕೋತಿ ಮಾವಿನಮರದ ತುದಿಯ ಕೊಂಬೆಯಲ್ಲಿ ಕೂತು ಒಳ್ಳೊಳ್ಳೆಯ ಹಣ್ಣನ್ನೆಲ್ಲ ತಿನ್ನುತ್ತಿರುತ್ತದೆ. ಕಪಿರಾಯನೆಂಬ ತರುಣ ಕೋತಿ ಅದನ್ನು ಓಡಿಸಿ, "ಇನ್ನು ಮೇಲಿನ ಕೊಂಬೆ ಯಾರದ್ದೂ ಅಲ್ಲ" ಎಂದು ಸಾರುತ್ತದೆ. ಆಮೇಲೆ ಕಾವಲಿಗೆಂದು ತಾನೇ ಹತ್ತಿ ಕೂರುತ್ತದೆ. ಕೊನೆಗೆ ಚಿಗುರನೆಂಬ ಮರಿಕೋತಿ ಪ್ರಶ್ನೆ ಕೇಳಿ ಕೇಳಿ ಅದನ್ನು ಕೆಳಗಿಳಿಸುತ್ತದೆ. ಚಿಗುರ ನಾನು. ಪದ್ಯಗಳೂ ನನ್ನವೇ. ಅವನ್ನು ಹಾಡುವ ಭಾಗವತ ಗೆಳೆಯ ಗಜು. ಶನಿವಾರ ತಾಳಮದ್ದಳೆ, ಮರುದಿನ ವಾಚನಾಲಯದ ವಾರ್ಷಿಕ ಸಭೆ. ಅಲ್ಲಿ ಸವಿತಕ್ಕನನ್ನು ಅಧ್ಯಕ್ಷೆ ಮಾಡುವುದು. ಪ್ಲಾನ್ ಹೇಗಿದೆ?

ಒಂದು ಸಣ್ಣ ತಪ್ಪಾಯಿತು. ತಾಳಮದ್ದಳೆಯೆಂದರೆ ವೇಷ, ಕುಣಿತವಿಲ್ಲದ ಯಕ್ಷಗಾನ, ಅಲ್ಲಿ ಪದ್ಯ ಮಾತ್ರ ಬರೆದಿರುತ್ತದೆ. ಮಾತನ್ನು ಅರ್ಥ ಹೇಳುವವರು, ಅಂದರೆ ಪಾತ್ರಧಾರಿಗಳು, ಕೂತಲ್ಲೇ ಕಟ್ಟಬೇಕು. ಕಪಿರಾಯನ ಅರ್ಥ ಹೇಳುವಷ್ಟು ಬಾಯಿಬಲ ಊರಲ್ಲಿ ಇದ್ದದ್ದು ಒಬ್ಬರಿಗೇ.

ಹೌದು. ಶಂಭು ಮಾವನಿಗೆ. ನಾವೇ ವೀಳ್ಯ ಹಿಡಿದು ಕರೆಯಲು ಹೋದೆವು.

"ಕೋತಿ ಪಾರ್ಟು ಮಾವ, ಅಡ್ಡಿಲ್ಯ?" ಎಂದ ಗಜು.

"ಕೋತಿಯಾದ್ರೆ ಎಂತ ಆತು? ರಾಜ ಹೌದಲ್ದ?"

ಶನಿವಾರ ಸಂಜೆ ಶಾಲೆಯ ಹಾಲ್ ತುಂಬಿತ್ತು. ನಾನು ಎದೆಯುಬ್ಬಿಸಿ ಶುರುಮಾಡಿದೆ. "ಎಲೈ ಕಪಿರಾಯ, ಕೊಂಬೆ ಯಾರದ್ದೂ ಅಲ್ಲವೆಂದೆ. ಈಗ ನೀನೇಕೆ ಕುಳಿತಿರುವೆ?"

ಮಾವ ಶಾಲು ಸರಿಮಾಡಿಕೊಂಡ. "ಯಾರದ್ದೂ ಅಲ್ಲದ ಕೊಂಬೆಯನ್ನು ಯಾರೂ ಕಾಯುವುದಿಲ್ಲ ಮಗು. ಅದಕ್ಕಾಗಿ ಕುಳಿತೆ."

"ತುದಿಯ ಹಣ್ಣನ್ನೆಲ್ಲ ಮೊದಲು ನೀನೇ ತಿನ್ನುತ್ತಿರುವೆಯಲ್ಲ?"

"ಅದರಲ್ಲಿ ವಿಷವಿದ್ದರೆ? ನಿನಗಿಂತ ಮೊದಲು ನಾನು ಸಾಯಲೆಂದು ತಿನ್ನುತ್ತೇನೆ. ಪ್ರಜೆಗಳಿಗಾಗಿ ದಿನವೂ ಸಾಯಲು ಹೊರಡುವ ರಾಜನನ್ನು ಎಲ್ಲಿಯಾದರೂ ಕಂಡಿದ್ದೀಯಾ?"

ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಳಿದದ್ದು ನನ್ನ ಬ್ರಹ್ಮಾಸ್ತ್ರ. ಮಿಮಿಕ್ರಿ. ಮಾವನ ಕೆಮ್ಮು, ಮಾವನ ಗತ್ತು, ಶಾಲು ಸರಿಮಾಡುವ ಆ ಕೈ. ಎಲ್ಲ ಹಾಕಿ, "ಆನಿದ್ನಲೀ!" ಎಂದುಬಿಟ್ಟೆ. ಹಾಲ್ ಹಾರಿಹೋಗುವಂತೆ ನಗು. ಗೆದ್ದೆ ಅಂದುಕೊಂಡೆ.

ಮಾವ ನಗು ನಿಲ್ಲುವವರೆಗೆ ಕಾದ. ಆಮೇಲೆ ಮೆಲ್ಲಗೆ ಸಭೆಯತ್ತ ತಿರುಗಿದ. "ಕೇಳಿದಿರಾ ಕಪಿಗಳೇ? ನನ್ನನ್ನು ಇಳಿಸಲು ಬಂದವನಿಗೂ ಮಾತಾಡಲು ನನ್ನ ದನಿಯೇ ಬೇಕು. ನಾಳೆ ಇವನನ್ನು ಮೇಲೆ ಕೂರಿಸಿದರೆ ಅಲ್ಲಿ ಕೂರುವವನು ಯಾರು? ಇವನೋ, ನಾನೋ?"

ಊರವರೆಲ್ಲರ ದನಿ ನನಗೆ ಬರುತ್ತದೆ. ಬಸ್ ಕಂಡಕ್ಟರ್, ಹೆಡ್ಮಾಸ್ತರು, ನನ್ನ ಸೋದರತ್ತೆ. ಆ ಕ್ಷಣದಲ್ಲಿ ನನ್ನದೇ ಒಂದು ಮಾತು ಬೇಕಿತ್ತು. ಅದೊಂದು ಬರಲಿಲ್ಲ.

ಗಜು ಪಾಪ, ನನ್ನ ಮುಖ ನೋಡಿ ಗಡಿಬಿಡಿಯಲ್ಲಿ ಕೊನೆಯ ಪದ್ಯ ಎತ್ತಿಕೊಂಡ.

ಕೊಂಬೆಯನು ಬಿಟ್ಟಿಳಿದನಾ ಕಪಿರಾಯ
ನಂಬಿದವರೆದುರು ತಲೆಬಾಗಿ

ತಾಳಮದ್ದಳೆಯಲ್ಲಿ ಒಂದೇ ಕಾನೂನು. ಮಾತು ಎಲ್ಲಿಗೆ ಬೇಕಾದರೂ ಹೋಗಲಿ, ಪದ್ಯವನ್ನು ದಾಟುವಂತಿಲ್ಲ. ಪದ್ಯ ಇಳಿದ ಎಂದರೆ ಇಳಿಯಬೇಕು. ಮಾವ ಇಳಿದ. ಹೇಗೆ ಇಳಿದ ಅಂತೀರಿ! ಎಲೆ ಎಲೆಗೂ ವಿದಾಯ ಹೇಳಿ, ಚಿಗುರನನ್ನು ಹರಸಿ, ಊರನ್ನೆಲ್ಲ ಅಳಿಸಿ ಇಳಿದ.

ಹೊರಗೆ ಚಹಾ ಕುಡಿಯುವಾಗ ಇಸ್ಮಾಯಿಲಣ್ಣ ನನ್ನ ಹೆಗಲು ಹಿಡಿದ. ಶಿರಸಿಯಿಂದ ಟೆಂಪೋದಲ್ಲಿ ಪೇಪರ್ ತಂದು ದಿನಾ ವಾಚನಾಲಯದ ಮುಚ್ಚಿದ ಬಾಗಿಲಿಗೆ ಒಗೆದು ಹೋಗುವವನು ಅವನೇ. "ಎಂಥಾ ಮಾತು ಮಾರಾಯ ಅವರದ್ದು! ಅಂಥವರನ್ನ ಇಳಿಸಬಾರ್ದಿತ್ತು ನೀನು."

ಸವಿತಕ್ಕ ಲೋಟ ಕೆಳಗಿಟ್ಟಳು. "ಚೊಲೋ ಪ್ರಚಾರ ಮಾಡ್ದೆ ಅಪ್ಪೀ. ಮಾವಂಗೆ."

ಭಾನುವಾರದ ಸಭೆಯಲ್ಲೂ ಅದೇ ಗಾಳಿ. "ಈ ವರ್ಷನೂ ಶಂಭು ಮಾವನೇ ಇರ್ಲಿ" ಎಂದು ಯಾರೋ ಅಂದರು, ನಾಲ್ಕು ಕಡೆಯಿಂದ "ಇರ್ಲಿ, ಇರ್ಲಿ." ಹುಡುಗಿಯರು ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದರು. ಸವಿತಕ್ಕ ಎದ್ದು ನಿಂತಳು. ಭಾಷಣ ಮಾಡಲಿಲ್ಲ. ವಾದಕ್ಕೂ ಇಳಿಯಲಿಲ್ಲ.

"ಗಜೂ, ನಿನ್ನೆ ಕಡೇ ಪದ್ಯ ಇನ್ನೊಂದ್ಸಲ ಹೇಳು."

ಗಜು ತಬ್ಬಿಬ್ಬಾದ. ಆದರೂ ಮೇಜು ಬಡಿಯುತ್ತ ಹಾಡಿದ. ಪದ್ಯ ಕಿವಿಗೆ ಬಿದ್ದದ್ದೇ ತಡ, ಮಾವನ ಬೆನ್ನು ನೆಟ್ಟಗಾಯಿತು, ಗಂಟಲು ಸರಿಯಾಯಿತು. ಜೀವಮಾನದ ಅಭ್ಯಾಸ ನೋಡಿ! "ಅಯ್ಯಾ ಕಪಿವೃಂದವೇ, ಇಗೋ ಇಳಿದೆ..."

ಸವಿತಕ್ಕ ಅಂಗೈ ಚಾಚಿದಳು. "ಇಳಿದವಂಗೆ ಚಾವಿ ಎಂತಕ್ಕೆ ಮಾವ?"

ಯಾವ ಪ್ರಶ್ನೆಗೂ ಉತ್ತರ ತಪ್ಪಿಸದ ಮಾವ ಒಮ್ಮೆ ಗಜುವನ್ನು ನೋಡಿದ, ಒಮ್ಮೆ ನನ್ನನ್ನು. ಆಮೇಲೆ ಅಂಗಿ ಎತ್ತಿ, ಜನಿವಾರ ಎಳೆದು, ಗಂಟು ಬಿಚ್ಚತೊಡಗಿದ. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹಳೆಯ ಗಂಟು.

"ಪದ್ಯ ದಾಟಲಾಗ ತಂಗೀ" ಎಂದ. ಚಾವಿಯನ್ನು ಅವಳ ಅಂಗೈಯಲ್ಲಿಟ್ಟ.

ಮಾತಿನಲ್ಲಿ ಅವನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ ಬಿಡಿ. ಅವನು ಸೋತದ್ದು ತಾನೇ ಒಪ್ಪಿಕೊಂಡ ಕಟ್ಟಳೆಗೆ. ಮೊದಲೇ ಬರೆದಿಟ್ಟ ಎರಡು ಸಾಲು ಇರಬೇಕು, ಅದಕ್ಕೆ ತಲೆಬಾಗುವ ನಾಚಿಕೆಯೂ ಇರಬೇಕು. ದೊಡ್ಡ ದೊಡ್ಡ ಮರಗಳಿಗೂ ಅಷ್ಟೇ ತಾನೇ ಬೇಕಾಗಿರುವುದು?

ಈಗ ವಾಚನಾಲಯ ಸಂಜೆ ತೆರೆಯುತ್ತದೆ. ಹುಡುಗಿಯರು ಒಳಗೆ ಬೆಂಚಿನ ಮೇಲೆ ಕೂತು ಓದುತ್ತಾರೆ. ಸುಖಾಂತ. ಇಲ್ಲಿಗೇ ನಿಲ್ಲಿಸೋಣ ಅಂದುಕೊಂಡಿದ್ದೆ.

ಆದರೆ ಮೊನ್ನೆ ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ಶಂಭು ಮಾವ ಜಗಲಿಯ ಮೇಲೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಇಸ್ಮಾಯಿಲಣ್ಣ ಒಗೆದ ಪೇಪರ್ ಓದುತ್ತಿದ್ದ. ಬೆಳಗಿನ ಹೊತ್ತು ಸವಿತಕ್ಕ ಹೊಲಿಗೆ ಮಷಿನ್ ಬಿಟ್ಟು ಬರುವಂತಿಲ್ಲ. ಸೀದಾ ಅವಳ ಮನೆಗೇ ಹೋದೆ.

"ಸವಿತಕ್ಕಾ, ಇನ್ನೊಂದು ಚಾವಿ ಮಾಡ್ಸಿದ್ರೆ ಹ್ಯಾಂಗೆ? ಬೆಳಿಗ್ಗೆ ಮಾವಂಗೆ ಬೇಕಾಗ್ತು."

ಅವಳು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ಎರಡು ಚಾವಿ ಇದ್ರೆ ಜವಾಬ್ದಾರಿ ಯಾರಿಗೂ ಇರ್ತಿಲ್ಲೆ ಅಪ್ಪೀ. ಒಂದೇ ಇರ್ಲಿ. ಆನಿದ್ನಲೀ!"

ಆ ಕೊನೆಯ ಎಳೆತ ಇದೆಯಲ್ಲ, ಅದನ್ನು ಹಿಡಿಯಲು ನಾನು ವರ್ಷಗಟ್ಟಲೆ ಕನ್ನಡಿಯೆದುರು ಒದ್ದಾಡಿದ್ದೇನೆ. ಅವಳಿಗೆ ಮೊದಲ ಸಲಕ್ಕೇ ಬಂದುಬಿಟ್ಟಿತು.

ಈಗ ನೀವೇ ಹೇಳಿ, ನಮ್ಮೂರಿನ ಅಸಲಿ ಮಿಮಿಕ್ರಿ ಆರ್ಟಿಸ್ಟ್ ಯಾರು? ನಾನಾ, ಆ ಚಾವಿಯಾ?