ಪಾಸ್ಟರಮ್ಮ ಗುಂಡಿಯವರೆಗೆ ಬಂದ ದಿನ

ಕಳೆದ ವಾರ ಸಿಂಗಟಗೆರೆಯ ಪರಿಚಿತರೊಬ್ಬರ ಹೊಲದಲ್ಲಿ ತೆಂಗಿನ ಸಸಿಗೆ ಗುಂಡಿ ತೆಗೆದು, ತಳಕ್ಕೆ ಉಪ್ಪು ಚೆಲ್ಲುತ್ತಿದ್ದರು. ಹಸಿ ಮಣ್ಣು, ಉಪ್ಪು... ಆ ವಾಸನೆಗೆ ಅಜ್ಜಂಪುರದ ಸ್ಮಶಾನದಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಯಿತು. ಜೊತೆಗೆ ಪಾಸ್ಟರಮ್ಮ.

ನಾನಾಗ ತರೀಕೆರೆಯಲ್ಲಿ ಪತ್ರಿಕೆಯೊಂದರ ವರದಿಗಾರ. ಅಲ್ಲಿನ ಸಣ್ಣ ಲೂಥರನ್ ಕ್ರೈಸ್ತ ಸಭೆಗೆ ಮೊದಲ ಬಾರಿ ಹೆಂಗಸೊಬ್ಬರು ಪಾಸ್ಟರ್ ಆಗಿ ಬಂದಿದ್ದರು. ಭಾನುವಾರದ ಪ್ರಸಂಗಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಸಾವಿನ ದಿನ. ಸುತ್ತಲಿನ ರೈತರ ಮನೆಗಳಂತೆ ಈ ಸಭೆಯವರಲ್ಲೂ ಹೆಂಗಸರು ಸ್ಮಶಾನಕ್ಕೆ ಹೋಗುತ್ತಿರಲಿಲ್ಲ.

ಈ ಸಭೆಗೆ ಸೇರಿದ, ಅಜ್ಜಂಪುರದ ಮುದುಕಿಯೊಬ್ಬರು ತೀರಿಕೊಂಡರು. ಊರಿಗೆಲ್ಲ ಹೆರಿಗೆ ಮಾಡಿಸಿದ ಸೂಲಗಿತ್ತಿ. ಹಾಗಾಗಿ ಊರ ಮುಖಂಡರೂ ಬಂದಿದ್ದರು, ವರದಿಗೆಂದು ನಾನೂ ಹೋಗಿದ್ದೆ. ಮನೆಯಲ್ಲಿ ಪ್ರಾರ್ಥನೆ ಮುಗಿದೊಡನೆ ಸಭೆಯ ಹಿರಿಯರೊಬ್ಬರು ಪಾಸ್ಟರಮ್ಮನಿಗೆ ಅಡ್ಡ ಬಂದರು.

"ನೀವಿಲ್ಲೇ ಇರಿ ಅಮ್ಮಾ. ಗುಂಡಿ ಹತ್ರಕ್ಕೆ ಕಡೂರಿನ ಪಾದ್ರಿಗಳು ಬತ್ತಾರೆ."

"ಈ ಸಭೆ ಪಾಸ್ಟರ್ ನಾನು. ಇವತ್ತು ಮನೇಲಿ ಕೂತ್ರೆ ಭಾನುವಾರ ಯಾವ ಮುಖ ಇಟ್ಕಂಡು ನಿಮ್ಮುಂದೆ ನಿಂತ್ಕಳ್ಲಿ?"

"ಹೆಂಗಸ್ರು ಬರಂಗಿಲ್ಲ ಕಣ್ರೀ, ನಾವೇನ್ ಮಾಡಣ?"

ತಾಯಿಯ ತಲೆಯ ಬಳಿ ಕೂತಿದ್ದ ಮಗಳು ಎದ್ದಳು. "ಅಲ್ಲ ಮಾವ, ನಮ್ಮವ್ವ ಏನ್ ಗಂಡ್ಸಾ? ಅವ್ಳನ್ನ ಯಾಕೆ ಹೊತ್ಕಂಡ್ ಹೋಗ್ತೀರ ಮತ್ತೆ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. "ಪಾಸ್ಟರಮ್ಮ ಒಬ್ರು ಬರ್ಲಿ" ಎಂದರು ಹಿರಿಯರು. ಪಾಸ್ಟರಮ್ಮ ಅಲುಗಲಿಲ್ಲ. ಮಗಳು ಬಾರದೆ ತಾವೂ ಬರುವುದಿಲ್ಲ ಎಂದರು. ಅಷ್ಟರಲ್ಲಿ ಪೆಟ್ಟಿಗೆ ಹೊತ್ತು ನಿಂತಿದ್ದವರು ಹೆಗಲು ಬದಲಿಸಿದರು. ಕೊನೆಗೆ ಹಿರಿಯರೇ, "ನಡೀರಮ್ಮ, ಬಿಸ್ಲು ಏರ್ತು" ಎಂದರು.

ಕಡೂರಿನಿಂದ ಬಂದ ಪಾದ್ರಿಗಳು ಉಪ್ಪು ಚೆಲ್ಲಿದ್ದ ಗುಂಡಿಯ ಬಳಿ ಪ್ರಾರ್ಥನೆ ಪುಸ್ತಕವನ್ನು ಪಾಸ್ಟರಮ್ಮನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ಮೊದಲ ಹಿಡಿ ಮಣ್ಣು ಹಾಕಿದ್ದು ಮಗಳು.

ಮರುದಿನದ ನನ್ನ ವರದಿಯಲ್ಲಿ, ಮಣ್ಣಿಗೆ ಬಂದಿದ್ದ ಮುಖಂಡರೆಲ್ಲರ ಹೆಸರಿತ್ತು, ಪಾಸ್ಟರಮ್ಮನದು ಇರಲಿಲ್ಲ. ಸಿಕ್ಕಾಗ ಕೇಳಿದರು: "ಏನಪ್ಪಾ, ನಾನವತ್ತು ನಿನ್ ಕಣ್ಣಿಗೆ ಬೀಳ್ಲಿಲ್ವಾ?" ತಪ್ಪಾಯಿತು ಎಂದೆ. ತಿದ್ದುಪಡಿ ಮಾತ್ರ ಅಚ್ಚಾಗಲಿಲ್ಲ...

ವರ್ಷಗಳ ನಂತರ ಅವರು ಬಿಷಪ್ ಆದರು. ಆಗ ಎಲ್ಲ ಪತ್ರಿಕೆಗಳೂ ಫೋಟೊ ಸಮೇತ ಬರೆದವು, ನಮ್ಮದೂ. ಹೆಂಗಸರನ್ನು ಪಾಸ್ಟರ್ ಆಗಿ ಕಳಿಸುವ ಮುನ್ನ ಆಯಾ ಸಭೆಯ ಹಿರಿಯರನ್ನು ಕೂರಿಸಿಕೊಂಡು ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆಯಂತೆ: "ಮಣ್ಣಿಗೆ ಕರ್ಕಂಡ್ ಹೋಗ್ತೀರೋ ಇಲ್ವೋ?" ಇಲ್ಲ ಎಂದವರ ಊರಿಗೆ ಮುಂದಿನ ತಿಂಗಳು ತಾವೇ ಹೋಗಿ, ಅವರು ಒಪ್ಪುವವರೆಗೆ ಕೂರುತ್ತಿದ್ದರಂತೆ.

ನಿವೃತ್ತರಾದ ಮೇಲೆ ಭೇಟಿ ಕಡಿಮೆಯಾಯಿತು. ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ಎರಡು ದಿನ ತಡವಾಗಿ.

ಮೊನ್ನೆ ತರೀಕೆರೆ ಸಭೆಯವರೊಬ್ಬರ ಮಣ್ಣಿಗೆ ಹೋಗಿದ್ದೆ. ಹೆಂಗಸರು ಗುಂಡಿಯ ಅಂಚಿನಲ್ಲೇ ನಿಂತಿದ್ದರು. ಹಿಂದೆ ನಿಮ್ಮನ್ನು ಇಲ್ಲಿಗೆ ಬಿಡುತ್ತಿರಲಿಲ್ಲ ಎಂದು ಪಕ್ಕದಲ್ಲಿದ್ದ ಹುಡುಗಿಗೆ ಹೇಳಿದೆ.

"ಹೌದಾ? ಯಾಕೆ?" ಎಂದಳು, ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ.

ಅದನ್ನು ಕೇಳಿಸಿಕೊಳ್ಳಲು ಪಾಸ್ಟರಮ್ಮ ಇರಬೇಕಿತ್ತು.